ಟ್ಯೂಬಿನೊಳಗೆ ಗಿಡ ಎಲ್ಲಿದೆ?

ಗಂಗಾವತಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಬೀದಿ ನಾಯಿಯೂ ಹೊರಗೆ ಕಾಣುವುದಿಲ್ಲ. ಅಂಥದ್ದೊಂದು ಮಧ್ಯಾಹ್ನ ಅಣ್ಣನ ಮಗಳು ಸ್ಕೂಟಿ ನಿಲ್ಲಿಸಿ, ಮುಖಕ್ಕೆ ಸುತ್ತಿದ್ದ ವೇಲು ಬಿಚ್ಚುತ್ತಾ ಒಳಗೆ ಬಂದಳು. ಕೈಯಲ್ಲಿ ಹೊಸದೊಂದು ಸನ್‌ಸ್ಕ್ರೀನ್ ಟ್ಯೂಬು.

"ಕಾಕಾ, ಇದು ಗಿಡದ್ದಂತ. ನ್ಯಾನೋ ಅಂತನೂ ಬರದಾರ. ಇದರಾಗ ಗಿಡ ಎಲ್ಲೈತಿ?"

ಟ್ಯೂಬಿನ ಮುಂದೆ ದೊಡ್ಡದಾಗಿ ಬೇವಿನೆಲೆಯ ಚಿತ್ರ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿಕೊಂಡು ಓದಿದೆ. ಮೊದಲು ನೀರು, ಆಮೇಲೆ ಜಿಂಕ್ ಆಕ್ಸೈಡ್, ಆಮೇಲೆ ಒಂದಿಷ್ಟು ಎಣ್ಣೆ, ಜಿಡ್ಡು. ಬೇವಿನ ರಸ ಸಿಕ್ಕಿದ್ದು ಕೊನೆಯ ಸಾಲಿನಲ್ಲಿ, ಸುವಾಸನೆಯ ಪಕ್ಕದಲ್ಲಿ. ಈ ಪಟ್ಟಿಗೊಂದು ಕ್ರಮ ಇದೆ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಬಾಲದಲ್ಲಿ ಇರುವವೆಲ್ಲ ಸಾಮಾನ್ಯವಾಗಿ ಶೇಕಡ 1ಕ್ಕಿಂತ ಕಡಿಮೆ.

"ಚಿತ್ರದಾಗ ಐತಿ" ಅಂದೆ. ಅವಳು ನಕ್ಕಳು, ಆದರೆ ಬಿಡಲಿಲ್ಲ. ಹಾಗಾಗಿ ಈ ಬರಹ.

ಮೊದಲು ಬಿಸಿಲಿನ ವಿಷಯ. ನಮ್ಮ ಕಡೆ ಬಿಸಿಲು ಅಂದರೆ ಧಗೆ, ಬೆವರು. ಸನ್‌ಸ್ಕ್ರೀನಿಗೆ ಆ ಧಗೆಯ ಜೊತೆ ಸಂಬಂಧವೇ ಇಲ್ಲ. ಅದನ್ನು ಹಚ್ಚಿಕೊಂಡರೆ ತಂಪಾಗುವುದಿಲ್ಲ. ಚರ್ಮ ಕೆಡಿಸುವುದು ನೇರಳಾತೀತ ಕಿರಣ, ಅಂದರೆ ಯುವಿ. ಅದು ಕಣ್ಣಿಗೂ ಕಾಣುವುದಿಲ್ಲ, ಮೈಗೆ ಬಿಸಿಯೂ ತಾಕುವುದಿಲ್ಲ. ತೆಳು ಮೋಡ ಕವಿದ ದಿನ ಸೆಕೆ ಕಡಿಮೆ ಅನಿಸಿದರೂ ಯುವಿ ಬಹುಪಾಲು ಕೆಳಗೆ ಇಳಿದೇ ಇರುತ್ತದೆ.

ಇದರಲ್ಲಿ ನಮಗೆ ತಲುಪುವವು ಎರಡು ಬಗೆ. ತರಂಗದ ಉದ್ದ 280ರಿಂದ 315 ನ್ಯಾನೋಮೀಟರ್ ಇರುವುದು ಯುವಿಬಿ. ಚರ್ಮ ಕೆಂಪಾಗುವುದು, ಸುಡುವುದು ಹೆಚ್ಚಾಗಿ ಇದರಿಂದ. 315ರಿಂದ 400ರವರೆಗಿನದು ಯುವಿಎ. ಇದು ಇನ್ನೂ ಆಳಕ್ಕೆ ಇಳಿಯುತ್ತದೆ. ಸುಕ್ಕು, ಕಪ್ಪು ಕಲೆ ಇದರ ಕೆಲಸ. ಬಸ್ಸಿನ ಕಿಟಕಿಯ ಗಾಜು ಮುಚ್ಚಿ ಕೂತರೆ ಯುವಿಬಿ ನಿಲ್ಲುತ್ತದೆ, ಯುವಿಎ ಒಳಗೆ ಬರುತ್ತದೆ. ಟ್ಯೂಬಿನ ಮೇಲಿನ ಎಸ್‌ಪಿಎಫ್ ಮುಖ್ಯವಾಗಿ ಯುವಿಬಿಯ ಲೆಕ್ಕ. ಪಿಎ ಪಕ್ಕದ ಕೂಡಿಸುವ ಚಿಹ್ನೆಗಳು ಯುವಿಎಯ ಲೆಕ್ಕ. ಎಸ್‌ಪಿಎಫ್ 30 ಅಂದರೆ ಯುವಿಬಿಯಲ್ಲಿ ಸುಮಾರು ಶೇಕಡ 97 ತಡೆ, 50 ಅಂದರೆ ಸುಮಾರು 98. ಅಂಕಿ ನೋಡಿ ದುಡ್ಡು ಕೊಡುವ ಮೊದಲು ಈ ಒಂದು ಶೇಕಡದ ವ್ಯತ್ಯಾಸ ನೆನಪಿರಲಿ.

ಇನ್ನು ನ್ಯಾನೋ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 80 ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100ರೊಳಗಿನ ಕಣಕ್ಕೆ ನ್ಯಾನೋ ಕಣ ಅನ್ನುತ್ತಾರೆ. ಅಷ್ಟು ಸಣ್ಣದು ಮಾಡಿ ಏನು ಲಾಭ?

ಹಿಂದೆ ಟಿವಿಯಲ್ಲಿ ಕ್ರಿಕೆಟ್ ಆಟಗಾರರು ಮೂಗು, ತುಟಿಗೆ ಸುಣ್ಣ ಬಳಿದಂತೆ ಬೆಳ್ಳಗೆ ಹಚ್ಚಿಕೊಂಡು ಬರುತ್ತಿದ್ದರು, ನೆನಪಿದೆ ಅಲ್ವಾ? ಅದು ಜಿಂಕ್ ಆಕ್ಸೈಡ್. ಬಿಳಿ ಏಕೆ? ಅಡುಗೆಮನೆಯಲ್ಲೇ ಉತ್ತರ ಇದೆ. ಕಲ್ಲುಸಕ್ಕರೆ ಹರಳಿನ ಆಚೆ ಬದಿ ಕಾಣುತ್ತದೆ, ಅದಕ್ಕೆ ಬಣ್ಣವಿಲ್ಲ. ಕುಟ್ಟಿ ಪುಡಿ ಮಾಡಿ, ಬೆಳ್ಳಗಾಗುತ್ತದೆ. ಸಾವಿರಾರು ಸಣ್ಣ ಮೈಗಳು ಬೆಳಕನ್ನು ಎಲ್ಲ ಕಡೆ ಚದುರಿಸುತ್ತವೆ, ಎಲ್ಲ ಬಣ್ಣವೂ ಬೆರೆತು ಬಿಳಿ ಕಾಣುತ್ತದೆ. ಆದರೆ ಪುಡಿಯನ್ನು ಇನ್ನೂ ಇನ್ನೂ ಸಣ್ಣದು ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಆಟ ತಿರುಗುತ್ತದೆ. ಕಾಣುವ ಬೆಳಕಿನ ತರಂಗ 400ರಿಂದ 700 ನ್ಯಾನೋಮೀಟರ್. ಕಣ ಅದಕ್ಕಿಂತ ಬಹಳ ಚಿಕ್ಕದಾದಾಗ ಬೆಳಕು ಅದನ್ನು ಲೆಕ್ಕಕ್ಕೇ ಇಡದೆ ಮುಂದೆ ಹೋಗುತ್ತದೆ, ಬಿಳಿ ಮಾಯವಾಗುತ್ತದೆ. ಯುವಿಯನ್ನು ನುಂಗುವುದು ಮಾತ್ರ ಆ ವಸ್ತುವಿನ ಹುಟ್ಟುಗುಣ, ಅದು ಉಳಿಯುತ್ತದೆ. ನುಂಗುವುದು ಅಂತ ಬೇಕೆಂದೇ ಬರೆದೆ. ಜಿಂಕ್ ಕನ್ನಡಿಯ ಹಾಗೆ ಯುವಿಯನ್ನು ವಾಪಸ್ ಎಸೆಯುತ್ತದೆ ಎಂದು ಜಾಹೀರಾತು ಹೇಳುತ್ತದೆ. ನಿಜದಲ್ಲಿ ವಾಪಸ್ ಎಸೆಯುವುದು ಸ್ವಲ್ಪ, ಬಹುಪಾಲು ನುಂಗುವುದೇ.

ಹಾಗಾದರೆ ಇದೇ ಸಾಕಲ್ಲ, ಗಿಡ ಏಕೆ ಬಂತು? ಒಂದು ಕಾರಣ, ಸನ್‌ಸ್ಕ್ರೀನಿನಲ್ಲಿ ಬಳಸುವ ಇನ್ನೊಂದು ಗುಂಪಿನ ರಾಸಾಯನಿಕಗಳ ಬಗ್ಗೆ ಎದ್ದ ಅನುಮಾನ. ಹವಳದ ದಿಬ್ಬಗಳಿಗೆ ಹಾನಿ ಎಂದು ಅಮೆರಿಕದ ಹವಾಯಿ ರಾಜ್ಯ 2018ರಲ್ಲಿ ಕಾನೂನು ಮಾಡಿ, 2021ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ನಿಲ್ಲಿಸಿತು. ಕೆಲವು ರಾಸಾಯನಿಕಗಳು ಚರ್ಮ ದಾಟಿ ರಕ್ತಕ್ಕೆ ಸೇರುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಪರೀಕ್ಷೆಯೇ 2019ರಲ್ಲಿ ತೋರಿಸಿತು. ಸೇರಿದರೆ ತೊಂದರೆ ಆಗುತ್ತದೆ ಎಂದು ಅದು ಹೇಳಲಿಲ್ಲ. ಆದರೂ ಜನರಿಗೆ 'ಕೆಮಿಕಲ್' ಅಂದರೆ ಭಯ, 'ಗಿಡ' ಅಂದರೆ ಧೈರ್ಯ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಗಿಡ ಮತ್ತು ನ್ಯಾನೋ ಎಂಬ ಎರಡು ಮಾತು ಒಂದೇ ಟ್ಯೂಬಿನ ಮೇಲೆ ಕಂಡರೆ ಅದಕ್ಕೆ ಮೂರು ಬೇರೆ ಬೇರೆ ಅರ್ಥ ಇರಬಹುದು. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಒಂದನೆಯದು, ಗಿಡದ ಕಷಾಯದಲ್ಲಿ ಮಾಡಿದ ಜಿಂಕ್. ಬೇವಿನೆಲೆಯನ್ನೋ ತುಳಸಿಯನ್ನೋ ಕುದಿಸಿ ಸೋಸುತ್ತಾರೆ. ಆ ರಸಕ್ಕೆ ಜಿಂಕ್ ಲವಣ ಬೆರೆಸಿ ಕಾಯಿಸುತ್ತಾರೆ. ಎಲೆಯಲ್ಲಿರುವ ಒಗರಿನ ಅಂಶಗಳು ಜಿಂಕನ್ನು ಹಿಡಿದುಕೊಂಡು, ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ನೋಡಿಕೊಳ್ಳುತ್ತವೆ. ಆಮೇಲೆ ಸಿಕ್ಕ ಪುಡಿಯನ್ನು ಹೆಚ್ಚಾಗಿ ಕುಲುಮೆಯಲ್ಲಿ ನೂರಾರು ಡಿಗ್ರಿಗೆ ಸುಡುತ್ತಾರೆ. ಅಷ್ಟು ಕಾವಿಗೆ ಎಲೆಯದೇನೂ ಹೆಚ್ಚು ಉಳಿಯುವುದಿಲ್ಲ. ತೀಕ್ಷ್ಣ ರಾಸಾಯನಿಕಗಳ ಬಳಕೆ ಕಡಿಮೆಯಾಗುತ್ತದೆ, ಅದು ಒಳ್ಳೆಯದೇ. ಆದರೆ ಕೊನೆಗೆ ಕೈಗೆ ಬರುವುದು ಜಿಂಕ್ ಆಕ್ಸೈಡ್. ಬೇವಿನ ಕಟ್ಟಿಗೆಯಲ್ಲಿ ಅನ್ನ ಮಾಡಿದರೆ ಅನ್ನ ಬೇವಾಗುತ್ತದೆಯೇ? ನನ್ನ ಅಣ್ಣನ ಮಗಳ ಟ್ಯೂಬಿನದು ಇಷ್ಟೂ ಅಲ್ಲ, ಅದರಲ್ಲಿ ಬೇವು ಸುಮ್ನೆ ಮೇಲೆ ಉದುರಿಸಿದ ಕೊತ್ತಂಬರಿ.

ಎರಡನೆಯದರಲ್ಲಿ ಗಿಡ ನಿಜವಾಗಿ ಇದೆ, ಆದರೆ ನ್ಯಾನೋ ಆಗಿರುವುದು ಅದರ ಚೀಲ. ಇದಕ್ಕೆ ನಮ್ಮೂರ ತೌಡಿನ ಉದಾಹರಣೆ ಸಾಕು. ತುಂಗಭದ್ರೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಭತ್ತವೇ ಭತ್ತ. ಅಕ್ಕಿ ಪಾಲಿಶ್ ಮಾಡುವಾಗ ಬರುವ ತೌಡು ಎಣ್ಣೆ ಗಿರಣಿಗೆ, ದನದ ಮೇವಿಗೆ ಹೋಗುತ್ತದೆ. ಆ ತೌಡಿನ ಎಣ್ಣೆಯಲ್ಲಿ ಗಾಮಾ ಒರೈಜನಾಲ್ ಎಂಬ ಅಂಶ ಇದೆ. ಜಪಾನಿನವರು ಅದನ್ನು 1954ರಲ್ಲೇ ಬೇರ್ಪಡಿಸಿದರು. ಹೆಸರಿನಲ್ಲಿರುವ 'ಒರೈಜಾ' ಭತ್ತದ ಸಸ್ಯಶಾಸ್ತ್ರದ ಹೆಸರು. ಅದರ ಒಂದು ಭಾಗ ಫೆರುಲಿಕ್ ಆಮ್ಲ, ಅದು 320 ನ್ಯಾನೋಮೀಟರಿನ ಆಸುಪಾಸಿನ ಯುವಿಯನ್ನು ಚೆನ್ನಾಗಿ ನುಂಗುತ್ತದೆ. ಗಿಡಗಳು ಇಂಥವನ್ನು ಮಾಡಿಕೊಳ್ಳುವುದಕ್ಕೆ ಒಂದು ಕಾರಣವೂ ಬಿಸಿಲೇ. ನಾವು ನೆರಳಿಗೆ ಓಡಬಹುದು, ಗಿಡ ಎಲ್ಲಿಗೆ ಓಡಬೇಕು? ಎಲೆಯ ಮೇಲ್ಪದರದಲ್ಲೇ ಯುವಿ ನುಂಗುವ ಅಂಶಗಳನ್ನು ತುಂಬಿಟ್ಟುಕೊಳ್ಳುತ್ತದೆ.

ತೊಂದರೆ ಏನೆಂದರೆ, ಇಂಥ ಅಂಶಗಳು ಗಾಳಿ ಬೆಳಕಿಗೆ ಬೇಗ ಕೆಡುತ್ತವೆ. ಅರಿಶಿನದ ಕಲೆ ಬಿದ್ದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದಲ್ಲ, ಹಾಗೆ. ಅದಕ್ಕೇ ಕೊಬ್ಬಿನ ಅಂಶದಿಂದ ಮಾಡಿದ, ನೂರು ನ್ಯಾನೋಮೀಟರ್ ಆಸುಪಾಸಿನ ಸಣ್ಣ ಸಣ್ಣ ಚೀಲಗಳಲ್ಲಿ ಅವನ್ನು ಕಟ್ಟುತ್ತಾರೆ. ಸೋಯಾ ಕಾಳಿನ ಲೆಸಿಥಿನ್ ಎಂಬ ಕೊಬ್ಬಿನಿಂದ ಮಾಡಿದ ಚೀಲಕ್ಕೆ ಲೈಪೋಸೋಮ್ ಅನ್ನುತ್ತಾರೆ. ಒಳಗಿರುವುದು ತಡವಾಗಿ ಕೆಡುತ್ತದೆ, ಚರ್ಮದ ಮೇಲೆ ಸಮನಾಗಿ ಹರಡುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಎಸ್‌ಪಿಎಫ್ ಅಳೆಯುವ ಹಳೆಯ ವಿಧಾನ ಹೀಗಿದೆ: ಮನುಷ್ಯರ ಬೆನ್ನಿಗೆ ಕ್ರೀಮು ಹಚ್ಚಿ, ಯುವಿ ಬಿಟ್ಟು, ಎಷ್ಟು ಯುವಿ ಬಿದ್ದರೆ ಕೆಂಪಾಗುತ್ತದೆ ಎಂದು ನೋಡುವುದು. ಉರಿ ಇಳಿಸುವ ಗುಣ ಇರುವ ಸಸ್ಯದ ಅಂಶವನ್ನು ಕ್ರೀಮಿಗೆ ಸೇರಿಸಿದರೆ ಕೆಂಪಾಗುವುದು ಕಡಿಮೆಯಾಗುತ್ತದೆ. ಅಂಕಿ ಮೇಲೇರುತ್ತದೆ. ಕಿರಣ ಮಾತ್ರ ಒಳಗೆ ಹೋಗುತ್ತಲೇ ಇರುತ್ತದೆ, ಚರ್ಮದ ಕೋಶದ ಡಿಎನ್‌ಎಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಮನೆಗೆ ಕಳ್ಳ ನುಗ್ಗಿದ್ದಾನೆ, ನಾಯಿ ಮಾತ್ರ ಬೊಗಳುತ್ತಿಲ್ಲ. ತಡೆಯುವುದು ಬೇರೆ, ಉರಿ ಇಳಿಸುವುದು ಬೇರೆ. ಸಸ್ಯದ ಅಂಶಗಳು ಕಿರಣದಿಂದ ಹುಟ್ಟುವ ಆಮೇಲಿನ ಹಾನಿಯನ್ನು ತಗ್ಗಿಸಲು ನೆರವಾಗಬಹುದು. ಆದರೆ ಅವೇ ಬಾಗಿಲು ಕಾಯುತ್ತವೆ ಎಂದುಕೊಂಡರೆ ಮೋಸಹೋದಂತೆ.

ನನಗೆ ನಿಜಕ್ಕೂ ಇಷ್ಟವಾದದ್ದು ಮೂರನೆಯದು. ಇದರಲ್ಲಿ ಗಿಡದ ವಸ್ತುವೇ ನ್ಯಾನೋ ಕಣ, ಅದೇ ಯುವಿ ನುಂಗುತ್ತದೆ. ಅದರ ಹೆಸರು ಲಿಗ್ನಿನ್.

ಲಿಗ್ನಿನ್ ಅಂದರೆ ಕಟ್ಟಿಗೆಯನ್ನು ಕಟ್ಟಿಗೆ ಮಾಡುವ ವಸ್ತು. ಗೋಡೆಯಲ್ಲಿ ಇಟ್ಟಿಗೆಯ ನಡುವೆ ಗಾರೆ ಇದ್ದಂತೆ, ಗಿಡದಲ್ಲಿ ಸೆಲ್ಯುಲೋಸ್ ನಾರಿನ ನಡುವೆ ಲಿಗ್ನಿನ್. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಭತ್ತದ ಹೊಟ್ಟು, ಎಲ್ಲದರಲ್ಲೂ ಇದೆ. ಭೂಮಿಯ ಮೇಲಿನ ಸಸ್ಯವಸ್ತುಗಳಲ್ಲಿ ಸೆಲ್ಯುಲೋಸ್ ಬಿಟ್ಟರೆ ಇದಕ್ಕೇ ಎರಡನೇ ಜಾಗ. ಕಾಗದದ ಕಾರ್ಖಾನೆಯಲ್ಲಿ ನಾರನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ದ್ರವದಲ್ಲಿ ಲಿಗ್ನಿನ್ ತುಂಬಿರುತ್ತದೆ, ಹೆಚ್ಚಿನದನ್ನು ಅಲ್ಲೇ ಉರಿಸಿಬಿಡುತ್ತಾರೆ. ನಾವೂ ಅಷ್ಟೇ. ರಾಯಚೂರು ಕಡೆ ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆ ಒಲೆಗೆ, ಇಲ್ಲವೇ ಹೊಲದಲ್ಲೇ ಬೆಂಕಿಗೆ. ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೊಟ್ಟು. ಅದು ಮಿಲ್ಲಿನ ಬಾಯ್ಲರ್ ಸೇರುತ್ತದೆ, ಅದರ ಕಪ್ಪು ಬೂದಿ ನಾವು ಮಾಳಿಗೆ ಮೇಲೆ ಒಣಹಾಕಿದ ಬಿಳಿ ಅಂಗಿಯ ಮೇಲೆ ಬಂದು ಕೂರುತ್ತದೆ.

ಲಿಗ್ನಿನ್ ಯುವಿ ಏಕೆ ನುಂಗುತ್ತದೆ? ಅದರ ತುಂಬ ಫೀನಾಲ್ ಉಂಗುರಗಳಿವೆ. ಇಂಗಾಲದ ಆರು ಪರಮಾಣುಗಳು ಕೈಕೈ ಹಿಡಿದು ದುಂಡಗೆ ನಿಂತ ರಚನೆ ಅದು. ಇಂಥ ಉಂಗುರದ ಎಲೆಕ್ಟ್ರಾನುಗಳಿಗೆ ಮೇಲಿನ ಮೆಟ್ಟಿಲಿಗೆ ಹಾರಲು ಬೇಕಾದ ಶಕ್ತಿ ಯುವಿ ಕಿರಣದಲ್ಲಿ ಇರುತ್ತದೆ. ಕಿರಣವನ್ನು ನುಂಗಿ ಹಾರುತ್ತವೆ, ಆ ಶಕ್ತಿ ಆಮೇಲೆ ಸಣ್ಣ ಶಾಖವಾಗಿ ಹೊರಹೋಗುತ್ತದೆ. ಫೆರುಲಿಕ್ ಆಮ್ಲದಲ್ಲಿ ಇರುವುದೂ ಅಂಥದೇ ಉಂಗುರ. ವ್ಯತ್ಯಾಸ ಏನೆಂದರೆ, ಲಿಗ್ನಿನ್ ಅಚ್ಚುಕಟ್ಟಾದ ಅಣು ಅಲ್ಲ. ಸಂತೆ ಇದ್ದಂತೆ, ಬಗೆಬಗೆಯ ಉಂಗುರಗಳು ಬಗೆಬಗೆಯಾಗಿ ಅಂಟಿಕೊಂಡಿರುತ್ತವೆ. ಒಂದೊಂದು ಬಗೆ ಒಂದೊಂದು ತರಂಗವನ್ನು ಹಿಡಿಯುತ್ತದೆ. ಹಾಗಾಗಿ ಯುವಿಬಿಯಲ್ಲಿ ಜೋರಾಗಿ, ಯುವಿಎಯಲ್ಲಿ ಇಳಿಯುತ್ತಾ, ಕಾಣುವ ನೀಲಿ ಬೆಳಕಿನವರೆಗೂ ಅದರ ಕೈ ಚಾಚುತ್ತದೆ.

ಈ ವರ್ಣನೆ ಕೇಳಿದರೆ ಇನ್ನೊಂದು ವಸ್ತು ನೆನಪಾಗಬೇಕು. ಕಂದು ಬಣ್ಣ, ಅಚ್ಚುಕಟ್ಟಿಲ್ಲದ ರಚನೆ, ಯುವಿಯಿಂದ ಬೆಳಕಿನವರೆಗೆ ನುಂಗುವ ಗುಣ: ನಮ್ಮ ಚರ್ಮದ ಮೆಲನಿನ್. ಅದೂ ಒಂದು ಮೈಕ್ರೋಮೀಟರಿಗಿಂತ, ಅಂದರೆ ಸಾವಿರ ನ್ಯಾನೋಮೀಟರಿಗಿಂತ ಚಿಕ್ಕ ಕಾಳುಗಳಾಗಿ, ಚರ್ಮದ ಕೋಶದ ನಡುವಿನ ಡಿಎನ್‌ಎ ಗೂಡಿನ ಮೇಲೆ ಕೊಡೆ ಬಿಚ್ಚಿದಂತೆ ಕೂತಿರುತ್ತದೆ. ಬಳ್ಳಾರಿ ಬಿಸಿಲಲ್ಲಿ ದುಡಿಯುವವರ ಕಪ್ಪು ಮೈ ಬಿಸಿಲಿನ ವಿರುದ್ಧ ಬಿಚ್ಚಿದ ಕೊಡೆ. ಆ ಕೊಡೆಯನ್ನು ಕೊಳಕು ಅಂದುಕೊಂಡು ಬಿಳಿ ಮಾಡುವ ಕ್ರೀಮಿನಿಂದ ಕೀಳಲು ಹೋಗುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಇರಲಿ.

ಲಿಗ್ನಿನ್ ನ್ಯಾನೋ ಕಣ ಮಾಡುವ ಒಂದು ವಿಧಾನ ಕೇಳಿದರೆ ಆಶ್ಚರ್ಯವಾಗುತ್ತದೆ, ಅಷ್ಟು ಸರಳ. ನೆಲ ಒರೆಸಲು ಫಿನಾಯಿಲನ್ನು ನೀರಿಗೆ ಸುರಿದರೆ ಥಟ್ಟನೆ ಹಾಲಿನಂತೆ ಆಗುತ್ತದಲ್ಲ? ನೀರಿಗೆ ಸೇರದ ಅಂಶ ಲೆಕ್ಕವಿಲ್ಲದಷ್ಟು ಹನಿಗಳಾಗಿ ಒಡೆದುಕೊಳ್ಳುತ್ತದೆ. ಇಲ್ಲೂ ಹೆಚ್ಚುಕಡಿಮೆ ಹಾಗೇ. ಲಿಗ್ನಿನನ್ನು ಅಸಿಟೋನ್ ಅಥವಾ ಸ್ಪಿರಿಟ್ ಬೆರೆತ ನೀರಿನಲ್ಲಿ ಕರಗಿಸಿ, ಅದಕ್ಕೆ ಇನ್ನಷ್ಟು ನೀರು ಹಾಕುತ್ತಾರೆ. ನೀರು ಜಾಸ್ತಿಯಾದಂತೆ ಲಿಗ್ನಿನ್ನಿನ ಜಿಡ್ಡಿನ ಭಾಗಗಳು ನೀರಿಗೆ ಬೆನ್ನು ಮಾಡಿ ಒಳಕ್ಕೆ ಸರಿಯುತ್ತವೆ, ನೀರಿಗೆ ಒಗ್ಗುವ ಭಾಗಗಳು ಹೊರಗೆ ನಿಲ್ಲುತ್ತವೆ. ತಾವೇ ದುಂಡಗೆ ಉಂಡೆ ಕಟ್ಟಿಕೊಳ್ಳುತ್ತವೆ. ಕುಲುಮೆ ಬೇಡ, ರುಬ್ಬುವುದು ಬೇಡ. ಉಂಡೆ ಚಿಕ್ಕದಾದಷ್ಟೂ ಅಷ್ಟೇ ತೂಕದಲ್ಲಿ ಅವುಗಳ ಮೈ ಜಾಸ್ತಿ, ಕ್ರೀಮಿನಲ್ಲಿ ಹರಡುವುದೂ ಸಮ, ತಡೆಯುವುದೂ ಜಾಸ್ತಿ.

ಹಾಗಂತ ಲಿಗ್ನಿನ್ ಹಚ್ಚಿಕೊಂಡು ಹೊರಡಬಹುದೇ? ಸಾದಾ ಕ್ರೀಮಿಗೆ ಬರೀ ಲಿಗ್ನಿನ್ ಹಾಕಿ ಅಳೆದಾಗ ಎಸ್‌ಪಿಎಫ್ ಹೆಚ್ಚಾಗಿ ಕಡಿಮೆಯೇ ಬರುತ್ತದೆ. ಅದೇ ಲಿಗ್ನಿನನ್ನು ಆಗಲೇ ಯುವಿ ತಡೆಯುವ ರಾಸಾಯನಿಕ ಇರುವ ಸನ್‌ಸ್ಕ್ರೀನಿಗೆ ಸೇರಿಸಿದರೆ ಅಂಕಿ ಚೆನ್ನಾಗಿ ಏರುತ್ತದೆ. ಚೀನಾದ ಸಂಶೋಧಕರು ಸುಮಾರು 2015ರಲ್ಲಿ ಇದನ್ನು ತೋರಿಸಿದರು. ಅಂದರೆ ಇದು ಸದ್ಯಕ್ಕೆ ಜೋಡೆತ್ತು, ಒಂಟೆತ್ತಲ್ಲ.

ಇನ್ನೊಂದು ತಕರಾರು ಬಣ್ಣದ್ದು. ಲಿಗ್ನಿನ್ ಕಂದು. ಬಿಳಿ ಚರ್ಮದವರ ದೇಶಗಳಲ್ಲಿ ಇದೇ ದೊಡ್ಡ ತಲೆನೋವು, ಬಣ್ಣ ತೆಗೆಯಲು ಏನೇನೋ ಮಾಡುತ್ತಾರೆ. ನಮ್ಮ ಸಮಸ್ಯೆ ಉಲ್ಟಾ ಅಲ್ವಾ? ನ್ಯಾನೋ ಅಲ್ಲದ ಸಾದಾ ಜಿಂಕ್ ಹಚ್ಚಿದರೆ ನಮ್ಮ ಮುಖ ಬೂದಿ ಬಳಿದಂತೆ ಕಾಣುತ್ತದೆ, ಅದಕ್ಕೇ ಎಷ್ಟೋ ಜನ ಹಚ್ಚುವುದಿಲ್ಲ. ಕಂದು ಕ್ರೀಮು ನಮ್ಮ ಮೈಬಣ್ಣದಲ್ಲಿ ಬೆರೆತುಹೋಗುತ್ತದೆ. ಅದೂ ಅಲ್ಲದೆ ಬಂಗು ಕಾಡುವುದು ನಮ್ಮಂಥ ಮೈಬಣ್ಣದವರನ್ನೇ ಜಾಸ್ತಿ. ಬಂಗನ್ನು ಯುವಿ ಮಾತ್ರವಲ್ಲ, ಕಾಣುವ ಬೆಳಕೂ ಕೆರಳಿಸುತ್ತದೆ. ಬಿಳಿ ಕಾಣದ ಪಾರದರ್ಶಕ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ತಡೆಯುವುದಿಲ್ಲ. ಈಗ ಅದಕ್ಕೆಂದೇ ಐರನ್ ಆಕ್ಸೈಡ್ ಬೆರೆಸಿದ, ಮೈಬಣ್ಣದ ಸನ್‌ಸ್ಕ್ರೀನ್ ಬರುತ್ತಿವೆ. ಲಿಗ್ನಿನ್ ಮುಂದೊಂದು ದಿನ ಆ ಸಾಲಿಗೆ ಬಂದರೆ ನಮ್ಮ ಕಡೆಯವರಿಗೇ ಲಾಭ ಎಂಬುದು ನನ್ನ ಲೆಕ್ಕಾಚಾರ.

ಆದರೆ ದಾರಿ ದೂರ ಇದೆ. ಲಿಗ್ನಿನ್ ಒಂದು ಗಿಡದ್ದಿದ್ದಂತೆ ಇನ್ನೊಂದರದ್ದು ಇರುವುದಿಲ್ಲ. ತೊಗರಿಯದು ಬೇರೆ, ಹೊಟ್ಟಿನದು ಬೇರೆ, ತೆಗೆದ ವಿಧಾನ ಬದಲಾದರೆ ಅದೂ ಬೇರೆ. ಕಾಗದದ ಕಾರ್ಖಾನೆಯದಕ್ಕೆ ಗಂಧಕದ ವಾಸನೆ. ಕ್ರೀಮು ಮಾಡುವವರಿಗೆ ಪ್ರತಿ ಸಲವೂ ಒಂದೇ ಥರದ ಸರಕು ಬೇಕು. ಅಮೆರಿಕ, ಯುರೋಪಿನಲ್ಲಿ ಯುವಿ ತಡೆಯಲು ಒಪ್ಪಿಗೆ ಪಡೆದ ವಸ್ತುಗಳ ಪಟ್ಟಿಯಲ್ಲಿ ಲಿಗ್ನಿನ್ ಇನ್ನೂ ಇಲ್ಲ.

ಹತ್ತಿಯ ಬಗ್ಗೆ ಒಂದು ಮಾತು, ರಾಯಚೂರಿನವರು ಬೇಜಾರಾಗಬಾರದು. ಅರಳೆ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ಅದನ್ನು ಗಂಧಕಾಮ್ಲದಲ್ಲಿ ಹದವಾಗಿ ಬೇಯಿಸಿದರೆ ನಾರಿನ ಮೆತ್ತನೆ ಭಾಗ ಕರಗಿ, ಗಟ್ಟಿ ಹರಳಿನ ಕಡ್ಡಿಗಳು ಉಳಿಯುತ್ತವೆ. ಅಗಲ ಹತ್ತಿಪ್ಪತ್ತು ನ್ಯಾನೋಮೀಟರ್, ಉದ್ದ ನೂರಿನ್ನೂರು. ಇದು ಯುವಿ ನುಂಗುವುದಿಲ್ಲ. ಆದರೆ ಎಣ್ಣೆ ಹನಿಗಳ ಸುತ್ತ ಬೇಲಿಯಂತೆ ನಿಂತು ಕ್ರೀಮು ಒಡೆಯದಂತೆ ಕಾಯುತ್ತದೆ.

ನ್ಯಾನೋ ಅಂದರೆ ಮೈಯೊಳಗೆ ಇಳಿದುಬಿಡುತ್ತದೆಯೇ ಎಂಬ ಭಯವೂ ಇದೆ. ಜಿಂಕ್ ಆಕ್ಸೈಡ್, ಅದರ ಹಾಗೇ ಯುವಿ ತಡೆಯಲು ಬಳಸುವ ಟೈಟಾನಿಯಂ ಡೈಆಕ್ಸೈಡ್ ಕಣಗಳ ಮೇಲೆ ಬಹಳ ಪರೀಕ್ಷೆ ಆಗಿದೆ. ಗಾಯವಿಲ್ಲದ ಚರ್ಮದಲ್ಲಿ ಅವು ಹೆಚ್ಚಾಗಿ ಮೇಲಿನ ಸತ್ತ ಪದರದಲ್ಲೇ ನಿಲ್ಲುತ್ತವೆ. ಭಯ ಪಡಬೇಕಾದ್ದು ಉಸಿರಿಗೆ. ಪುಡಿ ಮತ್ತು ಸ್ಪ್ರೇ ರೂಪದಲ್ಲಿ ಶ್ವಾಸಕೋಶಕ್ಕೆ ಹೋದರೆ ಕಷ್ಟ, ಅಂಥದನ್ನು ಮುಖಕ್ಕೆ ಹೊಡೆದುಕೊಳ್ಳಬೇಡಿ. ಯುರೋಪಿನಲ್ಲಿ ನ್ಯಾನೋ ರೂಪದ ವಸ್ತುವಿನ ಹೆಸರಿನ ಪಕ್ಕ ನ್ಯಾನೋ ಎಂದು ಬರೆಯುವುದು ಕಡ್ಡಾಯ. ಅಲ್ಲಿ ಅದು ಎಚ್ಚರಿಕೆಯ ಮಾತು, ಇಲ್ಲಿ ಮಾರಾಟದ ಮಾತು.

ಇಷ್ಟು ಓದಿ ಯಾರಾದರೂ ಹೊಟ್ಟು ಕುಟ್ಟಿ ಮುಖಕ್ಕೆ ಮೆತ್ತಿಕೊಂಡಾರು ಎಂದು ಹೆದರಿಕೆ. ಬೇಡ. ಕೊಬ್ಬರಿ ಎಣ್ಣೆ, ಲೋಳೆಸರ, ಅರಿಶಿನ ಯಾವುದೂ ಸನ್‌ಸ್ಕ್ರೀನ್ ಅಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಯುವಿಯ ಜೊತೆ ಸೇರಿ ಚರ್ಮ ಬೊಬ್ಬೆ ಬಂದು ಕಪ್ಪಾಗಬಹುದು. ನಿಂಬೆಯೂ ಗಿಡದ್ದೇ.

"ಹಂಗಾದ್ರ ಈ ಟ್ಯೂಬು ಒಗೀಲಾ?" ಎಂದಳು. ಒಗೆಯಬೇಕಿಲ್ಲ, ಜಿಂಕ್ ಇದೆಯಲ್ಲ. ಬೇವಿನ ಚಿತ್ರಕ್ಕೆ ಜಾಸ್ತಿ ದುಡ್ಡು ಕೊಟ್ಟಿದ್ದಾಳೆ, ಅಷ್ಟೇ. ಆದರೆ ಅವಳು ಹಚ್ಚಿಕೊಳ್ಳುವುದು ಕಡಲೆ ಕಾಳಿನಷ್ಟು. ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮುಖ, ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೆ ಹಿಂಡಿಕೊಂಡಷ್ಟು ಬೇಕು. ಎರಡು ತಾಸಿಗೊಮ್ಮೆ, ಬೆವರು ಒರೆಸಿಕೊಂಡಾಗಲೂ, ಮತ್ತೆ ಹಚ್ಚಬೇಕು. ಈ ಲೆಕ್ಕ ಕೇಳಿ ಅವಳು ಟ್ಯೂಬಿನ ಬೆಲೆ ನೋಡಿದಳು.

ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಂಗಸರು ಸೀರೆ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಯಾವ ಟ್ಯೂಬಿಗೂ ಕಡಿಮೆ ಇಲ್ಲ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚುವ ಗೋಜೂ ಇಲ್ಲ. ತೆಳ್ಳಗಿನ ಬಿಳಿ ಬಟ್ಟೆಗೆ ಆ ಶಕ್ತಿ ಇಲ್ಲ, ಒದ್ದೆಯಾದರೆ ಇನ್ನೂ ಕಡಿಮೆ. ಬಿಳುಪು ಮಾಡದ ಹತ್ತಿ ಬಟ್ಟೆ ಬಿಳುಪು ಮಾಡಿದ್ದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಗಿಡದ ಸಹಜ ಬಣ್ಣದ ಅಂಶ ಅದರಲ್ಲಿ ಉಳಿದಿರುತ್ತದೆ. ನಿನ್ನ ವೇಲು ಹೇಗಿದೆ ನೋಡು ಎಂದೆ.

ಅವಳು ವೇಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಕಾಕಾ, ಇದರಾಗ ರಸ್ತಾ ಪೂರಾ ಕಾಣಾಕತ್ತೈತಿ" ಎಂದು ಎರಡು ಮಡಿಕೆ ಮಾಡಿ ಮತ್ತೆ ಹಿಡಿದು ನೋಡಿದಳು.